ನಾಲ್ಕು ಸುವಾರ್ತೆಗಳಲ್ಲಿ ಪುನರುತ್ಥಾನ: 45 ನಿಮಿಷದಲ್ಲಿ ಹೇಗೆ ಹೇಳಿಕೊಡುವುದು?

ಸಾಸಿವೆಕಾಳು:
ಈಸ್ಟರ್ ಆದ ಮುಂದಿನ ಭಾನುವಾರ ಯುವಜನರ ಕೂಟದಲ್ಲಿ ವಾಕ್ಯಾಧ್ಯಯನ ನಡೆಸಬೇಕು. 20 ಜನ, 45 ನಿಮಿಷ. ನಾಲ್ಕು ಸುವಾರ್ತೆ ಪಕ್ಕಪಕ್ಕ ಇಟ್ಟರೆ ಲೆಕ್ಕವೇ ಕೂಡುವುದಿಲ್ಲ. ಸಮಾಧಿಗೆ ಹೋದ ಹೆಂಗಸರು ಎಷ್ಟು ಮಂದಿ? ದೇವದೂತ ಒಬ್ಬನೋ ಇಬ್ಬರೋ? ಮಾರ್ಕ 16ರಲ್ಲಿ 9ನೇ ವಚನದಿಂದ ಕಂಸ ಹಾಕಿರುವುದೇಕೆ? ಎಲ್ಲ ಸೇರಿಸಿ ಒಂದೇ ಕಥೆಯಾಗಿ ಹೇಳಿಬಿಡಲೇ? ಬರುವವರಲ್ಲಿ ಒಬ್ಬರ ಮನೆಯಲ್ಲಿ ಈಚೆಗೆ ಸಾವಾಗಿದೆ. ಅವರೆದುರು ಏನು ಹೇಳಬಾರದು ಎನ್ನುವುದನ್ನೂ ತಿಳಿಸಿ.

ಎಣ್ಣೆದೀಪ:
ಸೇರಿಸಬೇಡಿ. ಸೇರಿಸಿದ ಕೂಡಲೇ ಕೆಡುವುದು ಗಲಿಲಾಯದ (ಯೆರೂಸಲೇಮಿನ ಉತ್ತರಕ್ಕೆ ದೂರದ ಸೀಮೆ) ವಿಷಯ. ಮಾರ್ಕ 16:7ರಲ್ಲಿ ಆತನು ನಿಮಗಿಂತ ಮೊದಲು ಗಲಿಲಾಯಕ್ಕೆ ಹೋಗುತ್ತಾನೆ, ಅಲ್ಲಿ ಕಾಣುವಿರಿ ಎಂಬ ಮಾತಿದೆ. ಲೂಕ 24:6ರಲ್ಲಿ ಅದೇ ಗಲಿಲಾಯ ಹಿಂದಿನ ನೆನಪಾಗಿ ಬರುತ್ತದೆ: ಗಲಿಲಾಯದಲ್ಲಿದ್ದಾಗ ಆತನು ಹೇಳಿದ್ದನ್ನು ನೆನಪು ಮಾಡಿಕೊಳ್ಳಿರಿ ಎಂದು. ಲೂಕನಲ್ಲಿ ಮುಂದಿನದೆಲ್ಲ ಯೆರೂಸಲೇಮು ಮತ್ತು ಅದರ ಸುತ್ತಲೇ ನಡೆಯುತ್ತದೆ. ಇವೆರಡನ್ನು ಒಂದೇ ಪಾತ್ರೆಗೆ ಸುರಿದರೆ ಇಬ್ಬರ ಮಾತೂ ಹಾಳು.

ನಾಲ್ಕು ಗುಂಪು ಮಾಡಿ, ಗುಂಪಿಗೆ ಐವರು. ಮತ್ತಾಯ 28:1-10, ಮಾರ್ಕ 16:1-8, ಲೂಕ 24:1-12, ಯೋಹಾನ 20:1-18. ಅಷ್ಟೇ, ಅದಕ್ಕಿಂತ ಮುಂದೆ ಓದಿಸಬೇಡಿ, ಹೊತ್ತು ಸಾಲದು. ಪ್ರತಿ ಗುಂಪಿಗೂ ಒಂದೇ ಪ್ರಶ್ನೆಪಟ್ಟಿ: ಹೋದವರು ಯಾರು, ಯಾಕೆ ಹೋದರು, ಅಲ್ಲಿ ಕಂಡದ್ದು ಯಾರನ್ನು, ಹೊರಗೆ ಬಂದು ಏನು ಮಾಡಿದರು. 12 ನಿಮಿಷ ಕೊಡಿ. ತಮ್ಮ ಗುಂಪಿನ ಸುವಾರ್ತೆಯಲ್ಲಿ ಇಲ್ಲದ್ದನ್ನು ಬರೆಯಕೂಡದು ಎಂದು ಮೊದಲೇ ಹೇಳಿ. ಚಿಕ್ಕಂದಿನಿಂದ ಕೇಳಿದವರು ಮಾರ್ಕನಲ್ಲಿ ಭೂಕಂಪ ಬರೆದೇ ಬರೆಯುತ್ತಾರೆ. ಅದು ಇರುವುದು ಮತ್ತಾಯನಲ್ಲಿ ಮಾತ್ರ.

ಗೋಡೆಗೆ ಅಂಟಿಸಿದಾಗ ಕಾಣುವುದಿಷ್ಟು. ಮಗ್ದಲದ ಮರಿಯಳ ಹೆಸರು ನಾಲ್ಕರಲ್ಲೂ ಇದೆ. ಮಾರ್ಕನಲ್ಲಿ ಸಲೋಮೆ, ಲೂಕನಲ್ಲಿ ಯೋಹಾನಳು ಜೊತೆಗಿದ್ದಾರೆ. ಯೋಹಾನನ ಸುವಾರ್ತೆಯಲ್ಲಿ ಮರಿಯಳು ಒಬ್ಬಳೇ, ಆದರೂ 20:2ರಲ್ಲಿ 'ನಮಗೆ' ಗೊತ್ತಿಲ್ಲ ಎನ್ನುತ್ತಾಳೆ. ಮಾರ್ಕನಲ್ಲಿ ಬಿಳೀ ನಿಲುವಂಗಿಯ ಯೌವನಸ್ಥ, ಮತ್ತಾಯನಲ್ಲಿ ಒಬ್ಬ ದೇವದೂತ, ಲೂಕನಲ್ಲಿ ಹೊಳೆಯುವ ಉಡುಪಿನ ಇಬ್ಬರು ಪುರುಷರು, ಯೋಹಾನನಲ್ಲಿ ಇಬ್ಬರು ದೇವದೂತರು. ಯಾರೂ ಗಮನಿಸದ ಇನ್ನೊಂದು ಇದೆ: ಯೇಸು ಏಳುವ ಗಳಿಗೆಯನ್ನು ನಾಲ್ವರಲ್ಲಿ ಒಬ್ಬರೂ ಬಣ್ಣಿಸುವುದಿಲ್ಲ. ಮತ್ತಾಯನಲ್ಲಿ ದೂತನು ಕಲ್ಲು ಉರುಳಿಸುತ್ತಾನೆ, ಯೇಸು ಹೊರಬಂದನು ಎಂಬ ಸಾಲು ಅಲ್ಲಿಯೂ ಇಲ್ಲ. ಚರ್ಚೆ ಇಲ್ಲಿಂದ ಎತ್ತಿಕೊಳ್ಳಿ. ದೂತರ ಲೆಕ್ಕಕ್ಕೆ ಐದು ನಿಮಿಷ ಸಾಕು.

ಹಳೆಪ್ರತಿ:
ಕಂಸದ ವಿಷಯ. 4ನೇ ಶತಮಾನದ ಎರಡು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ, ಅಂದರೆ ವ್ಯಾಟಿಕಾನಸ್ ಮತ್ತು ಸಿನಾಯ್ಟಿಕಸ್‌ನಲ್ಲಿ, ಮಾರ್ಕನ ಸುವಾರ್ತೆ 16:8ಕ್ಕೇ ನಿಲ್ಲುತ್ತದೆ. 9ರಿಂದ 20 ಇರುವುದು 5ನೇ ಶತಮಾನದ ಅಲೆಕ್ಸಾಂಡ್ರಿನಸ್ ಮೊದಲಾದ ಪ್ರತಿಗಳಲ್ಲಿ. ಹಾಗೆಂದು ಅದನ್ನು 'ಆಮೇಲೆ ಯಾರೋ ತುರುಕಿದ್ದು' ಎಂದು ತಳ್ಳಿಹಾಕಬೇಡಿ, 2ನೇ ಶತಮಾನದ ಕೊನೆಯ ಹೊತ್ತಿಗೆ ಐರೇನಿಯಸ್ ಎಂಬ ಬಿಷಪ್ 19ನೇ ವಚನವನ್ನು ಮಾರ್ಕನದೆಂದೇ ಉಲ್ಲೇಖಿಸಿದ್ದಾನೆ. ಬಹುಪಾಲು ವಿದ್ವಾಂಸರು ಮಾರ್ಕನ ಕೈಬರಹ 8ಕ್ಕೆ ಮುಗಿದಿದೆ ಎನ್ನುತ್ತಾರೆ. ಬೇಕೆಂದೇ ಅಲ್ಲಿ ನಿಲ್ಲಿಸಿದನೋ, ಕೊನೆಯ ಹಾಳೆ ಕಳೆದುಹೋಯಿತೋ ಎನ್ನುವಲ್ಲಿ ಒಮ್ಮತವಿಲ್ಲ. ನನ್ನ ಓಟು ಮೊದಲನೆಯದಕ್ಕೆ.

8ನೇ ವಚನದ ಕೊನೆ ನೋಡಿ: ಯಾರಿಗೂ ಏನೂ ಹೇಳಲಿಲ್ಲ, ಯಾಕೆಂದರೆ ಹೆದರಿದ್ದರು. ಗ್ರೀಕಿನಲ್ಲಿ ಕಡೆಯ ಪದ 'ಗಾರ್', ನಮ್ಮ 'ಯಾಕೆಂದರೆ' ಇದ್ದ ಹಾಗೆ. 'ಹೆದರಿದ್ದರು ಯಾಕೆಂದರೆ' ಎಂದು ಮಾತು ತುಂಡಾದಂತೆ ನಮ್ಮ ಕಿವಿಗೆ ಕೇಳುತ್ತದೆ. ಗ್ರೀಕಿನಲ್ಲಿ ಆ ಪದ ಎರಡನೆಯ ಸ್ಥಾನದಲ್ಲಿ ಬರುವಂಥದ್ದು, ಎರಡೇ ಪದದ ವಾಕ್ಯವಾದ್ದರಿಂದ ಕೊನೆಗೆ ಬಿದ್ದಿದೆ. ವ್ಯಾಕರಣ ತಪ್ಪಿಲ್ಲ.

ಗಟ್ಟಿಯಾಗಿ ಓದಿಸಿ, 8ಕ್ಕೆ ನಿಲ್ಲಿಸಿ, ಒಂದು ನಿಮಿಷ ಸುಮ್ಮನಿರಿ.

ಸಾಸಿವೆಕಾಳು:
ಉಪಕಾರ. 'ಮೂರು ದಿನ'ದ ಬಗ್ಗೆಯೂ ಕೇಳುತ್ತಾರೆ. ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ಎರಡು ದಿನವೂ ಆಗುವುದಿಲ್ಲವಲ್ಲ?

ಬಲೆಗಾರ:
ಯೆಹೂದ್ಯರ ದಿನ ಸೂರ್ಯಾಸ್ತಕ್ಕೆ ಶುರು, ದಿನದ ತುಣುಕೂ ಒಂದು ದಿನ. ಶುಕ್ರವಾರದ ಕೊನೆ ಒಂದು, ಸಬ್ಬತ್ (ಶನಿವಾರದ ವಿಶ್ರಾಂತಿ ದಿನ) ಎರಡು, ಶನಿವಾರ ಹೊತ್ತು ಮುಳುಗಿದ ಮೇಲಿನದು ಮೂರು. ಊರಲ್ಲಿ ಮೂರನೇ ದಿನದ ಕಾರ್ಯ ಎಣಿಸುವಾಗಲೂ ಮೊದಲ ದಿನ ಸೇರಿಸುತ್ತೇವಲ್ಲ, ಹಾಗೇ. ಯಾರಾದರೂ ಮತ್ತಾಯ 12:40ರ 'ಮೂರು ರಾತ್ರಿ' ಎತ್ತಿದರೆ ಅದು ಮೀನಿನ ಹೊಟ್ಟೆಯಲ್ಲಿದ್ದ ಯೋನನ ಪುಸ್ತಕದ ಮಾತು ಎಂದು ತೋರಿಸಿ, ಗಂಟೆ ಎಣಿಸಲು ಹೋಗಬೇಡಿ.

ಜಾಗರಣೆ:
ನಾನು ಕಥೋಲಿಕ, ಪದಗಳು ಸ್ವಲ್ಪ ಬೇರೆ ಇದ್ದಾವು. ನಮ್ಮಲ್ಲಿ ಆ ಭಾನುವಾರದ ಶುಭಸಂದೇಶ (ಸುವಾರ್ತೆ) ಪ್ರತಿ ವರ್ಷವೂ ಯೊವಾನ್ನ (ನಿಮ್ಮ ಯೋಹಾನ) 20:19-31, ಯೇಸು ಎದ್ದದ್ದನ್ನು ಮೊದಲು ನಂಬದ ಶಿಷ್ಯ ತೋಮನ ಪ್ರಸಂಗ. 'ಎಂಟು ದಿನಗಳಾದ ಮೇಲೆ' ಎಂದಿರುವುದರಿಂದ ದಿನವೂ ಹೊಂದುತ್ತದೆ.

ಸಾವಿನ ಮನೆಯವರ ವಿಷಯ. 'ಅಳಬೇಡಿ, ವಿಶ್ವಾಸವಿರಲಿ' ಎನ್ನುವ ಮಾತು ಬೇಡವೇ ಬೇಡ. ಸತ್ತಿದ್ದ ಗೆಳೆಯ ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಯೇಸು ಅತ್ತರು (ಯೊವಾನ್ನ 11:35). ಅವನ ಅಕ್ಕ ಮಾರ್ತಳು 'ನೀವಿಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ' ಎಂದು ಮುಖಕ್ಕೇ ಹೇಳಿದಾಗ ಗದರಲಿಲ್ಲ. 'ಲಾಜರನ ಹಾಗೇ ಎದ್ದು ಬರುತ್ತಾರೆ' ಎನ್ನುವುದೂ ತಪ್ಪು. ಲಾಜರನು ಕೈಕಾಲಿಗೆ ಸುತ್ತಿದ ಬಟ್ಟೆಯೊಂದಿಗೇ ಹೊರಬಂದ, ಬೇರೆಯವರು ಬಿಚ್ಚಬೇಕಾಯಿತು (11:44). ಅವನು ಮರಳಿದ್ದು ಇದೇ ಬದುಕಿಗೆ. ಯೇಸುವಿನ ಸಮಾಧಿಯಲ್ಲಿ ಬಟ್ಟೆ ಅಲ್ಲೇ ಉಳಿದಿತ್ತು, ತಲೆಗೆ ಕಟ್ಟಿದ್ದ ವಸ್ತ್ರ ಸುತ್ತಿ ಬೇರೆ ಇಟ್ಟಿತ್ತು (20:7). ಎರಡು ವಚನ ಅಕ್ಕಪಕ್ಕ ಓದಿಸಿದರೆ ಸಾಕು, ವಿವರಣೆ ಬೇಡ.

ಎದ್ದ ಯೇಸು ಎಮ್ಮಾವು ಊರಿಗೆ ಹೊರಟಿದ್ದ ಇಬ್ಬರು ಶಿಷ್ಯರನ್ನು ದಾರಿಯಲ್ಲಿ ಕೂಡಿಕೊಂಡ ಪ್ರಸಂಗವನ್ನೂ ಬಿಡಬೇಡಿ. ಲೂಕ 24:21ರಲ್ಲಿ ಕ್ಲೆಯೊಫ ಮತ್ತು ಜೊತೆಗಾರ 'ನಿರೀಕ್ಷಿಸಿದ್ದೆವು' ಎನ್ನುತ್ತಾರೆ, ಭೂತಕಾಲ. ನಿರೀಕ್ಷೆ ಮುಗಿದುಹೋದವರ ಮಾತು ಅದು. ಯೇಸು ಅವರ ಜೊತೆ ನಡೆದರು, ಮೊದಲು ಅವರ ಬಾಯಿಂದಲೇ ಎಲ್ಲ ಹೇಳಿಸಿದರು. ಬುದ್ಧಿಮಾತು ಆಮೇಲೆ.

ಎಣ್ಣೆದೀಪ:
ಒಪ್ಪುತ್ತೇನೆ. ಇನ್ನೊಂದು, ಯೋಹಾನ 11 ಓದುವ ಸರದಿ ಆ ಮನೆಯವರಿಗೆ ಬರದಂತೆ ನೋಡಿಕೊಳ್ಳಿ. ಸಾಲಾಗಿ ವಚನ ಓದಿಸುವ ರೂಢಿಯಿದ್ದರೆ ಆ ದಿನ ಬಿಡಿ, ಓದುವವರಿಗೆ ಮೊದಲೇ ಹೇಳಿಡಿ. ಅವರು ನಡುವೆ ಎದ್ದು ಹೊರಗೆ ಹೋಗುವಂತಿದ್ದರೆ ಬಾಗಿಲ ಹತ್ತಿರದ ಕುರ್ಚಿ ಖಾಲಿ ಇರಲಿ.