ರಾತ್ರಿ ಕುಡಿದವರು ಬೆಳಿಗ್ಗೆ ಎಷ್ಟು ಗಂಟೆಗೆ ಗಾಡಿ ತೆಗೆಯಬಹುದು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಭಾನುವಾರ ಮಂಡ್ಯದಲ್ಲಿ ಚಿಕ್ಕಪ್ಪನ ಮಗಳ ಬೀಗರೂಟ ಇದೆ. ರಾತ್ರಿ ನಾವು ಅಣ್ಣತಮ್ಮಂದಿರು ಸೇರಿ ಕೂರುತ್ತೇವೆ. ನನ್ನದು ಒಂದು ಕ್ವಾರ್ಟರ್ ವಿಸ್ಕಿ, ಮೇಲೊಂದು ನೈಂಟಿ, ಅಷ್ಟೇ. ಹತ್ತಕ್ಕೆ ಶುರು, ಹನ್ನೆರಡೂವರೆಗೆಲ್ಲ ಮಲಗುತ್ತೇವೆ. ಸೋಮವಾರ ಬೆಳಿಗ್ಗೆ ಐದಕ್ಕೆ ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೊರಡಬೇಕು. ನಾಲ್ಕು ಗಂಟೆ ನಿದ್ದೆ ಆಗಿರುತ್ತದೆ, ಸಾಕಲ್ವಾ? ನನ್ನ ತೂಕ 70 ಕೆಜಿ.

ಡಾಕ್ಟರ್: ಸಾಲದು. ಹತ್ತಿರಕ್ಕೂ ಬರಲ್ಲ. ಎಷ್ಟು ಹೊತ್ತು ಮಲಗಿದ್ರಿ ಅನ್ನೋದನ್ನು ಲಿವರ್ ಕೇಳಲ್ಲ. ಎಷ್ಟು ಕುಡಿದ್ರಿ, ಎಷ್ಟು ಗಂಟೆ ಆಯ್ತು, ಅಷ್ಟೇ ಅದರ ಲೆಕ್ಕ.

ಕ್ವಾರ್ಟರ್ 180 ಎಂಎಲ್, ನೈಂಟಿ ಸೇರಿ 270. ನಮ್ಮ ವಿಸ್ಕಿ ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಬರೆದಿರುತ್ತದೆ. ಅಂದರೆ ನಿಮ್ಮ ಹೊಟ್ಟೆಗೆ ಹೋಗುವುದು ಹೆಚ್ಚು ಕಡಿಮೆ 90 ಗ್ರಾಂ ಶುದ್ಧ ಆಲ್ಕೋಹಾಲ್. ಸ್ವಲ್ಪ ಜಠರದಿಂದ, ಬಹುಪಾಲು ಸಣ್ಣ ಕರುಳಿನಿಂದ ಅದು ರಕ್ತಕ್ಕೆ ಸೇರುತ್ತದೆ. ಆಮೇಲೆ ಮೈಯಲ್ಲಿ ನೀರು ಇರುವ ಕಡೆಯೆಲ್ಲ ಹರಡುತ್ತದೆ. ಸ್ವೀಡನ್ನಿನ ವಿಡ್ಮಾರ್ಕ್ ಎಂಬ ವಿಜ್ಞಾನಿ 1932ರಲ್ಲಿ ಕೊಟ್ಟ ಸೂತ್ರವನ್ನೇ ಈಗಲೂ ಬಳಸುತ್ತಾರೆ. ಅದಕ್ಕೆ ನಿಮ್ಮ ತೂಕ ಹಾಕಿದರೆ 100 ಎಂಎಲ್ ರಕ್ತಕ್ಕೆ ಸುಮಾರು 190 ಮಿಲಿಗ್ರಾಂ ಬರುತ್ತದೆ. ನಮ್ಮ ಕಾನೂನಿನ ಮಿತಿ 30.

ಇಳಿಯುವುದು ಗಂಟೆಗೆ ಸರಾಸರಿ 15 ಮಿಲಿಗ್ರಾಂ. ಲಿವರಿನ ಕಿಣ್ವ ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ. ಇದು ವಿಷ. ಇನ್ನೊಂದು ಕಿಣ್ವ ಅದನ್ನು ಅಸಿಟೇಟ್ ಮಾಡಿದರೆ ಅಪಾಯ ಕಳೆಯಿತು. ಮೊದಲನೇ ಕಿಣ್ವ ಒಂದೆರಡು ಪೆಗ್ಗಿಗೇ ತನ್ನ ಪೂರ್ತಿ ವೇಗ ಮುಟ್ಟಿಬಿಡುತ್ತದೆ. ಒಂದೇ ಕೌಂಟರ್ ತೆರೆದಿರುವ ಟೋಲ್ ಇದ್ದ ಹಾಗೆ: ಸಾಲು ಎಷ್ಟೇ ಉದ್ದ ಇದ್ದರೂ ಗಂಟೆಗೆ ಬಿಡುವುದು ಇಷ್ಟೇ ಗಾಡಿ.

ಹತ್ತರಿಂದ ಐದಕ್ಕೆ ಏಳು ಗಂಟೆ. ಇಳಿದದ್ದು 105. ಇನ್ನೂ 85ರ ಆಸುಪಾಸು ಉಳಿದಿದೆ, ಅಂದರೆ ಮಿತಿಯ ಹತ್ತಿರ ಹತ್ತಿರ ಮೂರು ಪಟ್ಟು. 30ಕ್ಕೆ ಬರುವ ಹೊತ್ತಿಗೆ ಬೆಳಿಗ್ಗೆ ಒಂಬತ್ತು ಗಂಟೆ ಹತ್ತಿರ ಆಗಿರುತ್ತದೆ. ಪೂರ್ತಿ ಖಾಲಿಯಾಗುವ ಹೊತ್ತಿಗೆ ಹನ್ನೊಂದು ಗಂಟೆ ಸಮೀಪಿಸಿರುತ್ತದೆ. ಇದು ಸರಾಸರಿ ಲಿವರಿನ ಮಾತು.

ಪ್ರಶ್ನೆ ಕೇಳಿದವರು: ಅಯ್ಯೋ! ನೈಂಟಿ ಬಿಟ್ಟು ಬರೀ ಕ್ವಾರ್ಟರಿಗೆ ನಿಲ್ಲಿಸಿದರೆ?

ಡಾಕ್ಟರ್: ಆಗ ಐದು ಗಂಟೆಗೆ ಕಾಗದದ ಮೇಲೆ 25ರೊಳಗೆ ಬರುತ್ತದೆ. ಖುಷಿಪಡಬೇಡಿ. ಗಂಟೆಗೆ 10 ಮಾತ್ರ ಇಳಿಯುವವರೂ ಇದ್ದಾರೆ, 20 ಇಳಿಯುವವರೂ ಇದ್ದಾರೆ. ನಿಮ್ಮದು 10 ಆಗಿದ್ದರೆ ಅದೇ ಹೊತ್ತಿಗೆ 60ರ ಹತ್ತಿರ ಇರುತ್ತೀರಿ. ನಿಮ್ಮ ಲಿವರ್ ಯಾವ ಜಾತಿಯದು ಅಂತ ಮೊದಲೇ ಹೇಳಲು ಆಗಲ್ಲ. ಅದಕ್ಕೇ ನಾನು ಹೆಂಡತಿ, ಮಕ್ಕಳು ಕೂತ ಗಾಡಿಗೆ ಸರಾಸರಿ ಲೆಕ್ಕ ಹಿಡಿಯಲ್ಲ, ನಿಧಾನದ ಲೆಕ್ಕವನ್ನೇ ಹಿಡಿಯುತ್ತೇನೆ.

ಮತ್ತೊಬ್ಬರು: ಸರ್, ನಮ್ಮ ಕಡೆ ಬೆಳಿಗ್ಗೆ ನಿಂಬೆಹಣ್ಣಿನ ಪಾನಕ, ಉಪ್ಪು ಹಾಕಿದ ಮಜ್ಜಿಗೆ, ತಣ್ಣೀರು ಸ್ನಾನ ಅಂತಾರೆ. ಸ್ಟ್ರಾಂಗ್ ಕಾಫಿ ಕುಡಿದರೆ ಇಳಿಯುತ್ತೆ ಅಂತಲೂ ಹೇಳ್ತಾರೆ.

ಡಾಕ್ಟರ್: ಮಜ್ಜಿಗೆ ಕುಡೀರಿ, ಒಣಗಿದ ಬಾಯಿಗೆ ಒಳ್ಳೇದು. ಆದರೆ ಇವ್ಯಾವುದೂ ಲಿವರಿನ ವೇಗ ಹೆಚ್ಚಿಸಲ್ಲ. ಉಸಿರು, ಮೂತ್ರ, ಬೆವರಿನಲ್ಲಿ ಹೋಗುವುದು ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಬೆಳಿಗ್ಗೆ ವಾಂತಿ ಮಾಡಿದರೂ ರಕ್ತಕ್ಕೆ ಸೇರಿದ್ದು ವಾಪಸ್ ಬರಲ್ಲ. ನನಗೆ ಜಾಸ್ತಿ ಹೆದರಿಕೆ ಕಾಫಿಯದ್ದೇ. ತೂಕಡಿಕೆ ಹೋಗುತ್ತದೆ, ಅಮಲು ಹೋಗಲ್ಲ. ನಾನು ಸರಿಯಾಗಿದ್ದೇನೆ ಅನ್ನೋ ಸುಳ್ಳು ಧೈರ್ಯ ಬರುತ್ತದೆ.

ಊಟ ಮಾಡಿ ಕುಡಿದರೆ ಮಾತ್ರ ಸ್ವಲ್ಪ ವ್ಯತ್ಯಾಸ ಇದೆ. ಆಲ್ಕೋಹಾಲ್ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಏರಿಕೆ ಕಡಿಮೆ. ಮುದ್ದೆ, ಮಟನ್ ಮೊದಲು, ಗ್ಲಾಸು ಆಮೇಲೆ. ನಮ್ಮಲ್ಲಿ ಉಲ್ಟಾ ನಡೆಯುತ್ತದೆ, ಅದು ಬೇರೆ ವಿಷಯ.

ಇನ್ನೊಬ್ಬರು: ಹೆಂಗಸರಿಗೆ ಲೆಕ್ಕ ಬೇರೆನಾ ಡಾಕ್ಟರ್? ನಾನು 55 ಕೆಜಿ. ಕುಡಿದರೆ ಒಂದೇ ಬಾಟಲಿ ಸ್ಟ್ರಾಂಗ್ ಬೀರ್. ಬೀರ್ ತಾನೆ ಅಂತ ಸ್ಕೂಟರ್ ತೆಗೆಯುತ್ತೇನೆ.

ಡಾಕ್ಟರ್: ದಯವಿಟ್ಟು ತೆಗೆಯಬೇಡಿ ಮೇಡಂ. 650 ಎಂಎಲ್ ಬಾಟಲಿ, 8 ಪರ್ಸೆಂಟ್ ಅಂದರೆ 41 ಗ್ರಾಂ ಆಲ್ಕೋಹಾಲ್. ಹೆಂಗಸರ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ನೀರಿನ ಪ್ರಮಾಣ ಕಡಿಮೆ, ಹಾಗಾಗಿ ರಕ್ತದಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ. ನಿಮಗೆ 135ರವರೆಗೂ ಏರಬಹುದು. ಮೇಲೆ ಕೇಳಿದ ಸಾಹೇಬರು ಕ್ವಾರ್ಟರ್ ಮುಗಿಸಿದರೂ ಇದಕ್ಕಿಂತ ಸ್ವಲ್ಪ ಕಡಿಮೆಯೇ. ಮಿತಿಗೆ ಬರಲು ಏಳು ಗಂಟೆ ಬೇಕು.

ಮಗದೊಬ್ಬರು: ನನಗೆ ಇಪ್ಪತ್ತು ವರ್ಷದ ಅಭ್ಯಾಸ. ಹಾಫ್ ಹಾಕಿದರೂ ಸ್ಟೆಡಿ. ಸೋಂಪು ಜಗಿದರೆ ಪೊಲೀಸರ ಮಷಿನ್ನಿಗೂ ಗೊತ್ತಾಗಲ್ಲ.

ಡಾಕ್ಟರ್: ಸ್ಟೆಡಿಯಾಗಿ ನಿಲ್ಲೋದು ಅಭ್ಯಾಸಬಲ. ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗ ಅಂದರೆ ಸೆಕೆಂಡಿಗೆ 28 ಮೀಟರ್. ಬ್ರೇಕ್ ಮೇಲೆ ಕಾಲು ಅರ್ಧ ಸೆಕೆಂಡ್ ತಡವಾದರೆ ಎಷ್ಟು ದೂರ ಹೋಯ್ತು ನೋಡಿಕೊಳ್ಳಿ. ಇನ್ನು ಸೋಂಪು. ಮಷಿನ್ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿರುವ ಆಲ್ಕೋಹಾಲನ್ನು, ಬಾಯಿ ವಾಸನೆಯನ್ನಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲಕ್ಕೆ 15,000, ಎರಡು ವರ್ಷ. ಹಾಫ್ ಹಾಕಿ ಏನೂ ಆಗದಿದ್ದರೆ ಅದನ್ನು ಹೆಮ್ಮೆ ಅಂದುಕೊಳ್ಳಬೇಡಿ, ಒಮ್ಮೆ ಲಿವರ್ ಟೆಸ್ಟ್ ಮಾಡಿಸಿ.

ಪ್ರಶ್ನೆ ಕೇಳಿದವರು: ಸರಿ ಡಾಕ್ಟ್ರೇ. ಸೋಮವಾರ ಆಫೀಸಿಗೆ ರಜೆ ಸಿಗಲ್ಲ. ಏನು ಮಾಡಲಿ?

ಡಾಕ್ಟರ್: ಕುಡಿಯದವರು ಯಾರಾದರೂ ಇದ್ದರೆ ಕೀ ಅವರಿಗೆ ಕೊಡಿ. ಇಲ್ಲಾಂದ್ರೆ ರೈಲೋ ಬಸ್ಸೋ ಹಿಡಿದು ಹೋಗಿ, ಗಾಡಿ ಮುಂದಿನ ವಾರ ತಂದರಾಯ್ತು. ಕುಡಿಯಲೇಬೇಕು, ಓಡಿಸಲೇಬೇಕು ಅಂತಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೇ ಕೂತು, ಕ್ವಾರ್ಟರಿಗೆ ನಿಲ್ಲಿಸಿ, ನಾಲ್ಕಕ್ಕೆ ಎದ್ದುಬಿಡಿ. ರಾತ್ರಿ ಪೂರ್ತಿ ನಿದ್ದೆ ಮಾಡಿ. ಬೆಳಿಗ್ಗೆ ಐದಕ್ಕೆ ನಿಧಾನದ ಲಿವರೂ ಕೆಲಸ ಮುಗಿಸಿರುತ್ತದೆ. ಬೀಗರ ಎದುರಿಗೇ ಕೂರಬೇಕಾಗುತ್ತೆ, ಅದನ್ನು ಮನೆಯವರ ಹತ್ತಿರ ಮಾತಾಡಿ ಬಗೆಹರಿಸಿಕೊಳ್ಳಿ.