ಹಳೇ 15 ಪಿನ್ ಜಾಯ್‌ಸ್ಟಿಕ್ ಅನ್ನು ಯುಎಸ್‌ಬಿಗೆ ಜೋಡಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಫ್ಲೈಟ್‌ಗಿಯರ್ ಅನ್ನೋ ವಿಮಾನ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ವಿಮಾನ ಹಾರಿಸೋಕೆ ಹಳೇ ಗೇಮ್‌ಪೋರ್ಟ್ (ಹಿಂದಿನ ಪಿಸಿಗಳ 15 ಪಿನ್ ಕನೆಕ್ಟರ್) ಜಾಯ್‌ಸ್ಟಿಕ್ ಒಂದನ್ನು ಆರ್ಡುಯಿನೋ ಪ್ರೋ ಮೈಕ್ರೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್ ಮೂಲಕ ಯುಎಸ್‌ಬಿಗೆ ತರ್ತಾ ಇದ್ದೀನಿ. ಬಟನ್‌ಗಳದ್ದು ತಕರಾರಿಲ್ಲ. ಗೋಳೆಲ್ಲ ಆಕ್ಸಿಸ್‌ಗಳದ್ದೇ, ಅಂದರೆ ಕೋಲಿನ ಎಡ-ಬಲ, ಹಿಂದೆ-ಮುಂದೆ ಚಲನೆಯದ್ದು.

ಒಳಗಿರೋ ಪಾಟ್‌ಗಳು (ಕೋಲು ಅಲುಗಿದಂತೆ ರೆಸಿಸ್ಟೆನ್ಸ್ ಬದಲಾಗೋ ಮೂರು ಕಾಲಿನ ಪೊಟೆನ್ಷಿಯೋಮೀಟರ್‌ಗಳು) 100 ಕಿಲೋ ಓಮ್‌ನವು. ಎರಡು ಕಾಲಿಗೆ ಮಾತ್ರ ವೈರ್ ಇದೆ, ಮೂರನೇದು ಖಾಲಿ. ಹಳೇ ಗೇಮ್‌ಪೋರ್ಟ್ ಕೆಪಾಸಿಟರ್ ಚಾರ್ಜ್ ಆಗೋ ಸಮಯ ನೋಡಿ ಸ್ಥಾನ ಲೆಕ್ಕ ಹಾಕ್ತಿತ್ತು, ಅದಕ್ಕೆ ಅಷ್ಟು ಸಾಕು. ಆರ್ಡುಯಿನೋಗೆ ವೋಲ್ಟೇಜ್ ಬೇಕಲ್ಲ, ಅದಕ್ಕೆ ಆಕ್ಸಿಸ್‌ಗಳ ಸಿಗ್ನಲ್ ಬರೋ 3 ಮತ್ತು 6ನೇ ಪಿನ್‌ನಿಂದ ಗ್ರೌಂಡ್‌ಗೆ ಒಂದೊಂದು 100 ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಆರ್ಡುಯಿನೋ ವೋಲ್ಟೇಜನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದತ್ತೆ. ರೀಡಿಂಗ್ ಒಂದು ತುದಿಗೆ 1023ರ ಹತ್ತಿರ, ಇನ್ನೊಂದಕ್ಕೆ 512ರ ಆಸುಪಾಸು. ಕೈಬಿಟ್ಟರೆ ಮಾತ್ರ ಇವೆರಡರ ಸರಿ ನಡುವೆ ನಿಲ್ಲದೆ 680ಕ್ಕೆ ಬಂದು ನಿಲ್ಲತ್ತೆ. ಅದಕ್ಕೇ ವಿಮಾನ ಒಂದು ಕಡೆಗೆ ಗಬಕ್ಕನೆ ವಾಲತ್ತೆ, ಇನ್ನೊಂದು ಕಡೆಗೆ ಎಮ್ಮೆ ಎದ್ದ ಹಾಗೆ. ಮೇಲಿಂದ ರೀಡಿಂಗ್ ಸುಮ್ಮನಿರದೆ ನಡುಗ್ತಾನೇ ಇರತ್ತೆ.

ಖಾಲಿ ಕಾಲನ್ನು ಗ್ರೌಂಡ್‌ಗೆ ಬೆಸೆದು ರೆಸಿಸ್ಟರ್ ತೆಗೆದುಬಿಡೋದೇ ಸರೀನಾ, ಇಲ್ಲಾ ಕೋಡ್‌ನಲ್ಲೇ ಲೆಕ್ಕ ಸರಿಪಡಿಸಬಹುದಾ? ನನಗೆ ಮೊದಲನೇದೇ ವಾಸಿ ಅನ್ಸತ್ತೆ, ಆದರೆ ಪಾಟ್ ಇರೋ ಜಾಗ ತುಂಬಾ ಇಕ್ಕಟ್ಟು. ನಡುಕಕ್ಕೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕಾಗತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ವೈರಿಂಗ್ ಫೋಟೋ ಇದ್ದರೆ ಇನ್ನೂ ಉಪಕಾರ.