ಮೈಸೂರಿನಿಂದ ಮೇಲುಕೋಟೆಗೆ ವಾಹನಗಳ ಕಾಟವಿಲ್ಲದ ಸೈಕಲ್ ದಾರಿ ಯಾವುದು?

ಕುಕ್ಕರಹಳ್ಳಿ ಏರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮಗಳು ಈ ಚಳಿಗಾಲದಲ್ಲಿ ಮೈಸೂರಿನಿಂದ ಮೇಲುಕೋಟೆಗೆ ಸೈಕಲ್ಲಿನಲ್ಲಿ ಹೋಗಿ, ಒಂದು ರಾತ್ರಿ ಉಳಿದು, ಮರುದಿನ ಹಿಂತಿರುಗಬೇಕೆಂದಿದ್ದೇವೆ. ಬೇಗ ಮುಟ್ಟಬೇಕೆಂಬ ಆತುರ ನಮಗಿಲ್ಲ. ಬಟ್ಟೆಬರೆಯನ್ನು ಕ್ಯಾರಿಯರ್ ಮೇಲೆ ಕಟ್ಟಿಕೊಂಡು, ಮನಸ್ಸು ಬಂದಲ್ಲಿ ನಿಂತು, ಕೆರೆ ಗದ್ದೆಗಳನ್ನು ನೋಡಿಕೊಂಡು ಸಾಗುವುದೇ ಉದ್ದೇಶ.

ನಗರದೊಳಗೆ ಸೈಕಲ್ ತುಳಿಯುವುದು ಇಬ್ಬರಿಗೂ ಚೆನ್ನಾಗಿ ಅಭ್ಯಾಸವಾಗಿದೆ. ಆದರೆ ಹಿಂದಿನಿಂದ ಹಾರ್ನ್ ಹೊಡೆಯುತ್ತ ಮೈಗೆ ತಾಗುವಷ್ಟು ಹತ್ತಿರ ನುಗ್ಗುವ ಬಸ್ಸು ಲಾರಿಗಳ ನಡುವೆ ಮಗಳನ್ನು ಕರೆದೊಯ್ಯಲು ನನಗೆ ಮನಸ್ಸಿಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದರೆ ವಾಹನಗಳೇ ಸಿಗುವುದಿಲ್ಲವೆಂದು ಕೆಲವರು ಹೇಳುತ್ತಾರೆ, ಆ ಕಡೆ ತಲೆ ಹಾಕಬೇಡಿ ಎಂದು ಇನ್ನು ಕೆಲವರು ಎಚ್ಚರಿಸುತ್ತಾರೆ. ನನ್ನ ಸೈಕಲ್ಲಿಗೆ ಗಿಯರ್ ಇದೆ, ಮಗಳದು ಗಿಯರ್ ಇಲ್ಲದ ಸೈಕಲ್. ಆ ಭಾಗದಲ್ಲೇ ಇರುವವರು ದಾರಿ, ಹೊತ್ತು, ಏರು ಇವುಗಳ ಬಗ್ಗೆ ತಿಳಿಸಿದರೆ ಉಪಕಾರವಾಗುತ್ತದೆ.

ಗಂಜಾಂ ಅಂಜೂರ

ಉದ್ದಕ್ಕೂ ಮೋಟಾರು ವಾಹನವೇ ಇಲ್ಲದ ದಾರಿ ಮೈಸೂರಿನಿಂದ ಮೇಲುಕೋಟೆಗೆ ಇಲ್ಲ. ಆದರೂ ಸುಮಾರು 50 ಕಿಲೋಮೀಟರ್‌ಗಳಲ್ಲಿ ಹೆಚ್ಚು ಪಾಲನ್ನು ನೆಮ್ಮದಿಯಾಗಿ ಕಳೆಯುವಂತೆ ಮಾಡಿಕೊಳ್ಳಬಹುದು. ಅದಕ್ಕೆ ಯಾವ ರಸ್ತೆ ಎಂಬುದಕ್ಕಿಂತ ಯಾವ ಹೊತ್ತು ಎಂಬುದೇ ಹೆಚ್ಚು ಮುಖ್ಯವೆಂದು ನನಗನ್ನಿಸುತ್ತದೆ.

ನಿಜವಾದ ತೊಡಕಿರುವುದು ಶ್ರೀರಂಗಪಟ್ಟಣ ದಾಟುವವರೆಗೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನೂ ಮೋಟಾರಿಲ್ಲದ ವಾಹನಗಳನ್ನೂ ಬಿಡುತ್ತಿಲ್ಲ. ಹೀಗಾಗಿ ನಿಧಾನವಾಗಿ ಚಲಿಸುವುದೆಲ್ಲವೂ ಸರ್ವಿಸ್ ರಸ್ತೆಗೆ ಇಳಿದಿದೆ. ಎದುರು ದಿಕ್ಕಿನಿಂದ ಬರುವ ಬೈಕುಗಳೂ ಅದರೊಳಗೆ ಸೇರಿಕೊಳ್ಳುವುದರಿಂದ, ನಕ್ಷೆಯಲ್ಲಿ ಖಾಲಿಯಾಗಿ ಕಾಣುವ ಆ ರಸ್ತೆ ಎಂಟು ಗಂಟೆಯ ಮೇಲೆ ಮಗುವನ್ನು ಕರೆದೊಯ್ಯುವಂಥದ್ದಲ್ಲ. ನೀವು ಕೆ.ಆರ್.ಎಸ್. ರಸ್ತೆಯಲ್ಲಿ ಬೆಳಗೊಳದವರೆಗೆ ಹೋಗಿ, ಅಲ್ಲಿಂದ ಪಾಲಹಳ್ಳಿ, ರಂಗನತಿಟ್ಟಿನ ಮಗ್ಗುಲಿನಿಂದ ಶ್ರೀರಂಗಪಟ್ಟಣ ಸೇರಿಕೊಳ್ಳಿ. ಸ್ವಲ್ಪ ಬಳಸಾದರೂ ದಾರಿಯುದ್ದಕ್ಕೂ ಗದ್ದೆ, ತೋಟ, ಹಳೆಯ ಕಾಲುವೆಗಳು ಸಿಗುತ್ತವೆ. ಮೇಟಗಳ್ಳಿಯ ಸುತ್ತಲಿನ ಕಾರ್ಖಾನೆಗಳ ಪಾಳಿ ಬಸ್ಸುಗಳು ಓಡಾಡುವ ಮೊದಲೇ ಆ ಭಾಗವನ್ನು ದಾಟಿಬಿಡಬೇಕು.

ಶ್ರೀರಂಗಪಟ್ಟಣ ದ್ವೀಪವಾದ್ದರಿಂದ ಕಾವೇರಿಯ ಎರಡೂ ಕವಲುಗಳನ್ನು ಸೇತುವೆಯ ಮೇಲೆಯೇ ದಾಟಬೇಕು. ಹಳ್ಳಿ ರಸ್ತೆಗಳು ಎಷ್ಟಿದ್ದರೂ ಸೇತುವೆಗಳು ಕೆಲವೇ ಇರುವುದರಿಂದ ಎಲ್ಲ ವಾಹನಗಳೂ ಅಲ್ಲಿ ಒತ್ತರಿಸಿಕೊಳ್ಳುತ್ತವೆ. ಬೆಳಕು ಹರಿಯುವ ಹೊತ್ತಿಗೆ ನೀವು ಅಲ್ಲಿದ್ದರೆ ಮುಂದಿನ ದಿನವೆಲ್ಲ ಸುಲಭ. ಪಾಂಡವಪುರದ ನಂತರ ನಾಗಮಂಗಲ ಹೆದ್ದಾರಿಯನ್ನು ಬಿಟ್ಟು ಕುಂತಿಬೆಟ್ಟ, ತೊಣ್ಣೂರು ಕೆರೆಯ ಕಡೆಗೆ ಹೊರಳಿ. ಅಲ್ಲಿಂದ ಉತ್ತರಕ್ಕೆ ಹಳ್ಳಿಯಿಂದ ಹಳ್ಳಿಗೆ ಕೇಳಿಕೊಂಡು ಹೋದರೆ ಬೆಟ್ಟದ ಬುಡ ಸಿಗುತ್ತದೆ.

ಚಿನಕುರಳಿ ಬೇಸಾಯ

ನಾಲೆಯ ಬಗ್ಗೆ ಕೇಳಿದ್ದೀರಿ. ನಮ್ಮ ಜಮೀನಿಗೆ ಅದೇ ನೀರು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾಲೆ ಏರಿಯ ಮೇಲೆ ಸೈಕಲ್ ಹಗುರವಾಗಿ ಓಡುವುದಕ್ಕೆ ಕಾರಣವಿದೆ. ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆಯನ್ನು ದಿಣ್ಣೆಗಳ ಮಗ್ಗುಲನ್ನೇ ಬಳಸಿಕೊಂಡು, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ತೆಗೆದುಕೊಂಡು ಹೋಗಿರುತ್ತಾರೆ. ನೇರ ರಸ್ತೆ ಮೂರು ಏರು ಮೂರು ಇಳಿವು ಕಾಣುವ ಜಾಗದಲ್ಲಿ ನಾಲೆ ಸುತ್ತಿ ಬಳಸಿ ಸಮತಟ್ಟಾಗಿಯೇ ಸಾಗುತ್ತದೆ. ಆದರೆ ವಿಶ್ವೇಶ್ವರಯ್ಯ ನಾಲೆಯ ಏರಿ ಎಲ್ಲೆಡೆ ಒಂದೇ ಸಮನಾಗಿಲ್ಲ. ಒಂದು ಕಡೆ ಡಾಂಬರು, ಇನ್ನೊಂದು ಕಡೆ ಜಲ್ಲಿ, ಮತ್ತೊಂದು ಕಡೆ ಹುಲ್ಲು ಮುಚ್ಚಿದ ಗಾಡಿಜಾಡು. ಹುಲಿಕೆರೆಯ ಬಳಿ ನಾಲೆಯೇ ಸುರಂಗ ಹೊಕ್ಕು ಸುಮಾರು ಮೂರು ಕಿಲೋಮೀಟರ್ ನೆಲದಡಿ ಹರಿಯುವುದರಿಂದ ಅಲ್ಲಿ ಏರಿಯ ದಾರಿಯೂ ತುಂಡಾಗುತ್ತದೆ.

ಅಪಾಯದ ಮಾತು ಸುಳ್ಳಲ್ಲ. 2018ರ ನವೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ತಡೆಗೋಡೆಯಿಲ್ಲದ ಕಡೆ ಸೈಕಲ್ ಸವಾರರಿಗೂ ಅದೇ ಗಂಡಾಂತರ. ಕಾಂಕ್ರೀಟ್ ಹಾಕಿದ ನಾಲೆಯ ಬದಿಗಳು ಪಾಚಿ ಕಟ್ಟಿ ಜಾರುವುದರಿಂದ, ಈಜು ಬಲ್ಲವರು ಬಿದ್ದರೂ ಮೇಲೆ ಹತ್ತಲು ಹಿಡಿ ಸಿಗುವುದಿಲ್ಲ. ನೀರು ಬಿಟ್ಟಿರುವ ದಿನಗಳಲ್ಲಿ ಕಿರಿದಾದ ಏರಿಯ ಮೇಲೆ ಮಗಳನ್ನು ತುಳಿಯಲು ಬಿಡಬೇಡಿ. ಅಗಲವಾದ ಕಡೆ ಹೋದರೂ ಹೊಲದ ಬದಿಗೇ ಇರಲಿ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಿ. ನೀರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವಂತೆ, ಬರುವುದರಿಂದ ಇವತ್ತು ಒಣಗಿದ್ದ ನಾಲೆ ವಾರದಲ್ಲಿ ತುಂಬಿರಬಹುದು. ಹೊರಡುವ ಮುನ್ನ ಊರಿನವರನ್ನು ಯಾರನ್ನಾದರೂ ಕೇಳಿ.

ಚಳಿಗಾಲವೆಂದಿದ್ದೀರಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಕಣಗಳು ಕಡಿಮೆಯಾಗಿರುವುದರಿಂದ ರೈತರಿಗೆ ಬೇರೆ ದಾರಿಯಿಲ್ಲ, ಸವಾರರಿಗೆ ಮಾತ್ರ ಇದು ಕಷ್ಟದ ಸಂಗತಿ. ರಾಗಿ ಹುಲ್ಲು ಗುಂಡಿಗಳನ್ನು ಮುಚ್ಚಿಬಿಡುತ್ತದೆ. ಹುರುಳಿ ಬಳ್ಳಿಯಂತೂ ಹಿಂಬದಿಯ ಗಿಯರಿನ ಪುಟ್ಟ ಚಕ್ರಗಳಿಗೆ ಹಗ್ಗದಂತೆ ಹೊಸೆದುಕೊಂಡು, ಚೈನನ್ನು ಬಿಗಿದು, ಕೊನೆಗೆ ಗಿಯರಿನ ತೋಳನ್ನೇ ಚಕ್ರದ ಕಡ್ಡಿಗಳ ಒಳಕ್ಕೆ ಎಳೆದು ಮುರಿಯುತ್ತದೆ. ಒಕ್ಕಣೆ ಕಂಡ ಕೂಡಲೇ ಇಳಿದು, ಅಂಚಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ದಾಟಿ. ತುಳಿದುಕೊಂಡು ಹೋಗಿ ಕಾಳು ಚೆಲ್ಲಾಡುವುದಕ್ಕಿಂತ ಹಾಗೆ ಮಾಡಿದರೆ ಅಲ್ಲಿರುವವರಿಗೂ ಸಂತೋಷ. ನನ್ನನ್ನು ಕೇಳಿದರೆ ನವೆಂಬರ್ ಮೊದಲ ಭಾಗವೇ ಒಳ್ಳೆಯದು. ಮಳೆ ಕಡಿಮೆಯಾಗಿರುತ್ತದೆ, ಭತ್ತ ಹಸಿರಾಗಿರುತ್ತದೆ, ರಸ್ತೆಯೂ ಬರಿದಾಗಿರುತ್ತದೆ.

ಕಬ್ಬಿನ ಟ್ರ್ಯಾಕ್ಟರ್‌ಗಳ ಬಗ್ಗೆಯೂ ಹೇಳಬೇಕು. ಕಾರ್ಖಾನೆ ಅರೆಯುವ ಕಾಲದಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡು ಹೋಗುತ್ತವೆ. ಹಿಂದಿನ ಟ್ರೈಲರ್ ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ, ಹೇರಿದ ಕಬ್ಬು ಎರಡೂ ಬದಿಗೆ ಚಾಚಿರುತ್ತದೆ. ಪಕ್ಕದಲ್ಲಿ ಹೋಗುವ ಸಾಹಸ ಬೇಡ.

ಅಗ್ರಹಾರದ ಸೈಕಲ್ ಶಾಪ್

ಮಗಳ ಸೈಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ ಅಕ್ಕ. ಗಿಯರ್ ಇಲ್ಲದ ಸಾಮಾನ್ಯ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದೆಯೆಂದುಕೊಂಡರೆ ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ ಐದು ಮೀಟರ್ ದಾಟುತ್ತದೆ. ಬೆಟ್ಟದ ರಸ್ತೆಗೆ ಇದು ತೀರಾ ಭಾರ. ಮುಂದೆ 34, ಹಿಂದೆ 34 ಹಲ್ಲು ಇರುವ ಸೈಕಲ್ಲಿನಲ್ಲಿ ಅದೇ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಮಾತ್ರ ಮುಂದೆ ಹೋಗುತ್ತೀರಿ. ನಿಧಾನವಾದರೂ ಮಂಡಿಗೆ ನೋವಾಗುವುದಿಲ್ಲ. ಎರಡು ದಿನಕ್ಕೆ ಗಿಯರ್ ಸೈಕಲ್ ಬಾಡಿಗೆಗೆ ಅಥವಾ ಕೈಗಡ ತಂದುಕೊಳ್ಳಿ, ಹೊರಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಚೀಲ ಕಟ್ಟಿಕೊಂಡೇ ಚಾಮುಂಡಿ ಬೆಟ್ಟ ಹತ್ತಿ ನೋಡಿ. ಆ ಭಾಗದಲ್ಲಿ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ವಿಪರೀತ. ತೆಳ್ಳನೆಯ ಟೈರು ಬೇಡ, ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಇಬ್ಬರ ಬಳಿಯೂ ಇರಲಿ. ಮುಳ್ಳು ಕಿತ್ತ ಮೇಲೆ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡದೆ ಹೊಸ ಟ್ಯೂಬು ಹಾಕಬೇಡಿ, ಮುರಿದ ತುದಿ ಒಳಗೇ ಉಳಿದಿರುತ್ತದೆ.

ಕುಕ್ಕರಹಳ್ಳಿ ಏರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಪ್ರಯಾಣವನ್ನು ನವೆಂಬರ್‌ಗೆ ಬದಲಿಸುತ್ತೇನೆ, ಮಗಳಿಗೆ ಗಿಯರ್ ಸೈಕಲ್ ಹೊಂದಿಸುತ್ತೇನೆ, ನಾಲೆ ಏರಿಯನ್ನು ಬಿಟ್ಟುಬಿಡುತ್ತೇನೆ. ಇನ್ನೊಂದು ಅನುಮಾನ ಉಳಿದಿದೆ: ಆ ಬೆಟ್ಟಸಾಲಿನಲ್ಲಿ ಚಿರತೆಗಳಿವೆಯಂತೆ. ಬೆಳಕಿಗೆ ಮುಂಚೆ ಹೊರಡಬೇಕೆಂಬ ಸಲಹೆಯನ್ನು ಇದರೊಡನೆ ಹೇಗೆ ಹೊಂದಿಸುವುದು? ಕೊನೆಯ ಏರಿನಲ್ಲಿ ವಾಹನಗಳು ಹೇಗಿರುತ್ತವೆ?

ಯದುಗಿರಿ ನಿವಾಸಿ

ಚಿರತೆಗಳು ಇರುವುದು ನಿಜ. ಮೇಲುಕೋಟೆಯ ಸುತ್ತಲಿನ ಕಾಡನ್ನು 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದು ಮುಖ್ಯವಾಗಿ ತೋಳಗಳಿಗಾಗಿ. ಈಚೆಗೆ ಕಬ್ಬಿನ ಗದ್ದೆಗಳಲ್ಲೂ ಚಿರತೆ ಕಾಣಿಸಿಕೊಳ್ಳುತ್ತವೆ. ಕತ್ತಲೆಯಲ್ಲಿ ತುಳಿಯುವುದನ್ನು ಮೈಸೂರಿನ ದೀಪವಿರುವ ಬೀದಿಗಳಿಗಷ್ಟೇ ಸೀಮಿತಗೊಳಿಸಿ. ಪಾಂಡವಪುರದ ಆಚೆಗೆ ಬಿಸಿಲು ಬಿದ್ದ ಮೇಲೆಯೇ ಸಾಗಿ, ಸಂಜೆ ಐದರೊಳಗೆ ಊರು ಸೇರಿಕೊಳ್ಳಿ. ತೊಣ್ಣೂರು ಕೆರೆಯ ಬಳಿ ತಿಂಡಿ, ವಿಶ್ರಾಂತಿ ಮುಗಿಸಿಕೊಂಡರೆ ಈ ಲೆಕ್ಕ ಸರಿಯಾಗುತ್ತದೆ. ಕೆರೆಯ ನೀರು ತಿಳಿಯಾಗಿ ಕಂಡರೂ ಆಳವಾಗಿದೆ, ಇಳಿಯಬೇಡಿ.

ಜಕ್ಕನಹಳ್ಳಿಯ ಕಡೆಯಿಂದ ಮೇಲೆ ಬರುವ ರಸ್ತೆಯಲ್ಲಿ ವಾರದ ದಿನಗಳ ಮಧ್ಯಾಹ್ನ ಬಸ್ಸು, ಕೆಲವು ಕಾರುಗಳ ಹೊರತು ಹೆಚ್ಚಿನ ಓಡಾಟವಿರುವುದಿಲ್ಲ. ಶನಿವಾರ, ಭಾನುವಾರ ಹಾಗಲ್ಲ. ಬೆಂಗಳೂರಿನ ಕಾರುಗಳು ಒಂದರ ಹಿಂದೆ ಒಂದು ಬರುತ್ತವೆ, ತಿರುವಿನಲ್ಲೇ ಮುಂದೆ ಹೋಗಲು ನೋಡುತ್ತವೆ. ಶಾಲೆಗೆ ರಜೆ ಸಿಗುವುದಾದರೆ ಸೋಮವಾರ, ಮಂಗಳವಾರ ಬನ್ನಿ. ಫಾಲ್ಗುಣದ ವೈರಮುಡಿ ಉತ್ಸವದ ದಿನಗಳಲ್ಲಂತೂ ಸೈಕಲ್ಲಿನಲ್ಲಿ ಬರುವ ಯೋಚನೆಯನ್ನೇ ಮಾಡಬೇಡಿ.

ಉಳಿಯುವ ಛತ್ರವನ್ನು ಮುಂಚಿತವಾಗಿ ವಿಚಾರಿಸಿ, ಸೈಕಲ್ಲುಗಳನ್ನು ಒಳಗೆ ಇಡಲು ಜಾಗ ಕೇಳಿ. ಹೊರಗೆ ನಿಲ್ಲಿಸಿದರೆ ಕೋತಿಗಳು ಕ್ಯಾರಿಯರ್‌ನ ಚೀಲವನ್ನು ಹರಿದು ಹಾಕುತ್ತವೆ. ಮರುದಿನ ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬಾರದು. ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಹಿಡಿದು ವೇಗ ಇಳಿಸಿ, ನೇರ ಭಾಗದಲ್ಲಿ ಬಿಟ್ಟು ರಿಮ್ ತಣಿಯಲು ಬಿಡಬೇಕೆಂದು ಮಗಳಿಗೆ ಚಾಮುಂಡಿ ಬೆಟ್ಟದಲ್ಲೇ ಕಲಿಸಿ. ಬೆಳಿಗ್ಗೆ ಪುಳಿಯೋಗರೆ ತಿಂದು ಏಳು ಗಂಟೆಗೆ ಹೊರಟರೆ ಬಿಸಿಲೇರುವಷ್ಟರಲ್ಲಿ ಪಾಂಡವಪುರ ದಾಟಿರುತ್ತೀರಿ. ಸಂಜೆಯ ದಟ್ಟಣೆಗೆ ಮೊದಲೇ ಪಾಲಹಳ್ಳಿ, ಬೆಳಗೊಳದ ದಾರಿಯಲ್ಲೇ ಮೈಸೂರು ಸೇರಿಕೊಳ್ಳಬಹುದು.